ಗೆದ್ದವರ ದುಡ್ಡು: ರೋಮನ್ ಸ್ಮರಣಾರ್ಥ ನಾಣ್ಯಗಳನ್ನು ಓದುವ ಬಗೆ

ನಮ್ಮಲ್ಲಿ ಸ್ಮರಣಾರ್ಥ ನಾಣ್ಯ ಅಂದರೆ ಚಂದದ ಡಬ್ಬಿಯಲ್ಲಿ ಕೂತು ಬರುವ ವಸ್ತು. 2023ರಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆಗೆ ಬಂದ 75 ರೂಪಾಯಿ ನಾಣ್ಯ ನೆನಪಿರಬಹುದು. ಅದನ್ನು ಕೊಟ್ಟು ಯಾರೂ ಕಾಫಿ ಕುಡಿಯುವುದಿಲ್ಲ. ಕೊಂಡವರು ಬೀರುವಿನಲ್ಲಿ ಇಡುತ್ತಾರೆ, ಅಷ್ಟೇ.

ಹಳೆಯ ರೋಮನ್ನರ ಪದ್ಧತಿಯೇ ಬೇರೆ. ಉಡುಗೊರೆ ಕೊಡಲೆಂದೇ ಮಾಡಿಸಿದ ದೊಡ್ಡ ಪದಕಗಳು ಅವರಲ್ಲೂ ಇದ್ದವು, ನಿಜ. ಆದರೆ ಯುದ್ಧ ಗೆದ್ದದ್ದು, ಬಂದರು ಕಟ್ಟಿದ್ದು, ಸಾಲ ಮನ್ನಾ ಮಾಡಿದ್ದು, ಮೊಮ್ಮಕ್ಕಳನ್ನು ವಾರಸುದಾರರು ಅಂತ ಸಾರಿದ್ದು ಎಲ್ಲವೂ ದಿನಬಳಕೆಯ ದುಡ್ಡಿನ ಮೇಲೇ ಬರುತ್ತಿತ್ತು. ಸೈನಿಕನ ಸಂಬಳದಲ್ಲಿ, ವೈನ್ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ತೆರಿಗೆಯ ಚೀಲದಲ್ಲಿ ಅದು ಓಡಾಡುತ್ತಿತ್ತು. ಪತ್ರಿಕೆ ಇಲ್ಲದ ಕಾಲದಲ್ಲಿ ಚಕ್ರವರ್ತಿಯ ಮಾತು ಇಷ್ಟು ದೂರ, ಇಷ್ಟು ಜನರ ಕೈಗೆ ಮುಟ್ಟಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಹಾಗಾಗಿ ಇವನ್ನು ಕೂಡಿಡಲು ಹೊರಟವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಜನ ಏನನ್ನು ನಂಬಲಿ ಅಂತ ಆಳುವವನು ಬಯಸಿದನೋ ಅದು ನಾಣ್ಯದ ಮೇಲಿರುತ್ತದೆ. ನಿಜವಾಗಿ ನಡೆದದ್ದಕ್ಕೂ ಅದಕ್ಕೂ ಕೆಲವು ಸಲ ತಾಳೆಯಾಗುತ್ತದೆ, ಬಹಳ ಸಲ ಆಗುವುದಿಲ್ಲ. ಎದುರು ಪಾರ್ಟಿಯವರು ಏನಂದರು ಅಂತ ಹುಡುಕಲು ಶುರು ಮಾಡಿದ ಮೇಲೇ ಈ ಹವ್ಯಾಸದ ರುಚಿ ಹತ್ತುವುದು.

ಮೊದಲು ದುಡ್ಡಿನ ಲೆಕ್ಕ. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದ ಹೊತ್ತಿಗೆ ಚಿನ್ನದ ಒಂದು ಔರಿಯಸ್‌ಗೆ ಬೆಳ್ಳಿಯ 25 ಡಿನೇರಿಯಸ್. ಒಂದು ಡಿನೇರಿಯಸ್‌ಗೆ ಹಿತ್ತಾಳೆಯ 4 ಸೆಸ್ಟರ್ಷಿಯಸ್. ಸಾಮಾನ್ಯ ಕಾಲಾಳಿನ ವರ್ಷದ ಸಂಬಳ 225 ಡಿನೇರಿಯಸ್. ಮುಂಬದಿಯಲ್ಲಿ ಸಾಮಾನ್ಯವಾಗಿ ಆಳುವವನ ತಲೆ ಇರುತ್ತದೆ. ಸುದ್ದಿ ಇರುವುದು ಹಿಂಬದಿಯಲ್ಲಿ. ಎಲ್ಲವೂ ಕೈಯಲ್ಲಿ ಬಡಿದು ಮಾಡಿದವು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ಬಿಲ್ಲೆ, ಮೇಲಿಂದ ಸುತ್ತಿಗೆ ಏಟು. ಅದಕ್ಕೇ ಒಂದರಂತೆ ಇನ್ನೊಂದು ಇರುವುದಿಲ್ಲ. ಚಿತ್ರ ಒಂದು ಕಡೆ ಜಾರಿರುತ್ತದೆ, ಅಂಚು ಸೀಳಿರುತ್ತದೆ, ಒಂದೆರಡು ಅಕ್ಷರ ಬಿಲ್ಲೆಯಿಂದ ಹೊರಗೇ ಉಳಿದಿರುತ್ತವೆ.

ಚಕ್ರವರ್ತಿಗಳು ಬರುವ ಮೊದಲು ಈ ಹಿಂಬದಿಯ ಜಾಗ ಟಂಕಸಾಲೆಯ ಅಧಿಕಾರಿಗಳ ಕೈಯಲ್ಲಿತ್ತು. ಪ್ರತಿ ವರ್ಷ ಈ ಕೆಲಸಕ್ಕೆ ಬರುತ್ತಿದ್ದವರು ದೊಡ್ಡ ಮನೆತನದ ಹುಡುಗರು. ರಾಜಕೀಯದ ಮೊದಲ ಮೆಟ್ಟಿಲು ಅದು. ಸಿಕ್ಕಿದ್ದೇ ಚಾನ್ಸು ಅಂತ ಅವರು ತಮ್ಮ ಪೂರ್ವಜರ ಹೆಗ್ಗಳಿಕೆಯನ್ನು ನಾಣ್ಯದ ಮೇಲೆ ಕೆತ್ತಿಸುತ್ತಿದ್ದರು. ಕ್ರಿ.ಪೂ. 54ರಲ್ಲಿ ಹೀಗೆ ಬಂದವರಲ್ಲಿ ಬ್ರೂಟಸ್ ಒಬ್ಬ. ಹೌದು, ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಅದೇ ಬ್ರೂಟಸ್. ಅವನ ನಾಣ್ಯದ ಒಂದು ಬದಿಯಲ್ಲಿ ಸ್ವಾತಂತ್ರ್ಯ ದೇವತೆ. ಇನ್ನೊಂದು ಬದಿಯಲ್ಲಿ, ರೋಮಿನಿಂದ ರಾಜರನ್ನು ಓಡಿಸಿದವನು ಅಂತ ಹೆಸರಾದ ಅವನ ಪೂರ್ವಜ ಕಾವಲು ಪರಿವಾರದೊಂದಿಗೆ ನಡೆದು ಹೋಗುತ್ತಿದ್ದಾನೆ. ನಮ್ಮ ಮನೆತನಕ್ಕೂ ರಾಜರಿಗೂ ಆಗಿಬರುವುದಿಲ್ಲ ಅಂತ ಅದರರ್ಥ.

ಹತ್ತು ವರ್ಷ ಕಳೆಯಿತು. ಕ್ರಿ.ಪೂ. 44ರ ಆರಂಭದಲ್ಲಿ ಜೂಲಿಯಸ್ ಸೀಸರ್ ರೋಮಿನ ನಾಣ್ಯದ ಮೇಲೆ ತನ್ನದೇ ಮುಖ ಹಾಕಿಸಿಕೊಂಡ. ಪಕ್ಕದಲ್ಲಿ 'ಡಿಕ್ಟ್ ಪರ್ಪೆಟುವೋ' ಅನ್ನುವ ಬರಹ. ಅಂದರೆ ಜೀವನ ಪೂರ್ತಿ ಸರ್ವಾಧಿಕಾರಿ. ಬದುಕಿರುವ ಮನುಷ್ಯನ ತಲೆಯನ್ನು ರೋಮ್ ಅದುವರೆಗೆ ತನ್ನ ದುಡ್ಡಿನ ಮೇಲೆ ಕಂಡಿರಲಿಲ್ಲ. ಮಾರ್ಚ್ 15ಕ್ಕೆ ಅವನ ಕೊಲೆಯಾಯಿತು. ಎರಡು ವರ್ಷದ ಮೇಲೆ, ಸೈನ್ಯಕ್ಕೆ ಸಂಬಳ ಕೊಡಲು ಬ್ರೂಟಸ್ ಇನ್ನೊಂದು ಡಿನೇರಿಯಸ್ ಹೊಡೆಸಿದ. ಹಿಂಬದಿಯಲ್ಲಿ ಎರಡು ಕಠಾರಿ. ನಡುವೆ, ಬಿಡುಗಡೆಯಾದ ಗುಲಾಮನಿಗೆ ತೊಡಿಸುವಂಥ ಟೊಪ್ಪಿ. ಕೆಳಗೆ 'ಈಡ್ ಮಾರ್', ಅಂದರೆ ಮಾರ್ಚ್ 15. ಒಂದು ಕೊಲೆಯ ನೆನಪಿಗೆ ಇಷ್ಟು ನೇರವಾಗಿ ನಾಣ್ಯ ಹೊಡೆಸಿದ ಉದಾಹರಣೆ ನನಗಂತೂ ಇನ್ನೊಂದು ಗೊತ್ತಿಲ್ಲ. ಎರಡೂವರೆ ಶತಮಾನ ಕಳೆದ ಮೇಲೂ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಈ ನಾಣ್ಯದ ಬಗ್ಗೆ ಬರೆದಿದ್ದಾನೆ.

ಈಗ ಮುಂಬದಿ ತಿರುಗಿಸಿ ನೋಡಿ. ಅಲ್ಲಿರುವುದು ಬ್ರೂಟಸ್‌ನ ಸ್ವಂತ ತಲೆ! ಸೀಸರ್ ರಾಜನಂತೆ ಮೆರೆದ ಅಂತ ಕೊಂದವನು ಸೀಸರ್ ಮಾಡಿದ್ದನ್ನೇ ಮಾಡಿದ್ದಾನೆ. ಪುಸ್ತಕಗಳು ಬ್ರೂಟಸ್‌ನ ಆದರ್ಶದ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ಆ ತಲೆ ನೋಡಿದ ಮೇಲೆ ನನಗೆ ಅದರಲ್ಲಿ ಅಷ್ಟು ನಂಬಿಕೆ ಉಳಿದಿಲ್ಲ.

ಬರಹ ಓದುವುದು ಹೊಸಬರಿಗೆ ಕಷ್ಟ ಅನ್ನಿಸುತ್ತದೆ. ಪದಗಳನ್ನೆಲ್ಲ ಕತ್ತರಿಸಿ, ನಡುವೆ ಜಾಗವೇ ಬಿಡದೆ ಕೆತ್ತಿರುತ್ತಾರೆ. ಆದರೆ ತಿರುಗಾಮುರುಗಾ ಬರುವ ಸಂಕ್ಷೇಪಗಳು ಬೆರಳೆಣಿಕೆಯಷ್ಟೇ. ಚಕ್ರವರ್ತಿ ವೆಸ್ಪೇಸಿಯನ್‌ನ ಒಂದು ಸೆಸ್ಟರ್ಷಿಯಸ್ ತೆಗೆದುಕೊಳ್ಳೋಣ. ಸುಮಾರು 25 ಗ್ರಾಂ ತೂಗುತ್ತದೆ, ನಮ್ಮ 10 ರೂಪಾಯಿ ನಾಣ್ಯದ ಮೂರು ಪಟ್ಟಿಗಿಂತ ಜಾಸ್ತಿ. ಮುಖದ ಸುತ್ತ ಹೀಗಿದೆ: ಇಂಪ್ ಕೇಸ್ ವೆಸ್ಪೇಸಿಯನ್ ಆಗ್, ಪಿ ಎಂ, ಟಿಆರ್ ಪಿ, ಪಿ ಪಿ, ಕಾಸ್ 3. ಮೊದಲಿನವು ಬಿರುದು ಮತ್ತು ಹೆಸರು. 'ಪಿ ಎಂ' ಅಂದರೆ ಮುಖ್ಯ ಪುರೋಹಿತ. 'ಟಿಆರ್ ಪಿ' ಅಂದರೆ ಜನಪ್ರತಿನಿಧಿಯ ಅಧಿಕಾರ ಉಳ್ಳವನು. 'ಪಿ ಪಿ' ಅಂದರೆ ನಾಡಿನ ತಂದೆ. ಕಾಲ ಹೇಳುವುದು ಕೊನೆಯದು. 'ಕಾಸ್ 3' ಅಂದರೆ ಮೂರನೇ ಸಲ ಕಾನ್ಸಲ್, ಅಂದರೆ ರೋಮಿನ ಅತಿ ದೊಡ್ಡ ವಾರ್ಷಿಕ ಅಧಿಕಾರಿ, ಆದವನು. ವೆಸ್ಪೇಸಿಯನ್ ಮೂರನೇ ಸಲ ಕಾನ್ಸಲ್ ಆಗಿದ್ದು ಕ್ರಿ.ಶ. 71ರಲ್ಲಿ. ಇಸವಿ ಬರೆಯದಿದ್ದರೂ ವರ್ಷ ಸಿಕ್ಕಿತಲ್ವಾ?

ಇದರ ಹಿಂಬದಿ ಬಹಳ ಹೆಸರುವಾಸಿ. ನಡುವೆ ಒಂದು ಖರ್ಜೂರದ ಮರ, ಅದು ಯಹೂದಿಗಳ ನಾಡಾದ ಜೂಡೇಯದ ಗುರುತು. ಮರದ ಬುಡದಲ್ಲಿ ಒಬ್ಬ ಹೆಂಗಸು ಕೈಗೆ ತಲೆ ಆನಿಸಿಕೊಂಡು ಅಳುತ್ತಾ ಕೂತಿದ್ದಾಳೆ. ಇನ್ನೊಂದು ಕಡೆ ಈಟಿ ಹಿಡಿದು ನಿಂತ ಚಕ್ರವರ್ತಿ. ಕೆಲವು ನಾಣ್ಯಗಳಲ್ಲಿ ಅವನ ಬದಲು ಕೈ ಕಟ್ಟಿಸಿಕೊಂಡ ಸೆರೆಯಾಳು. ಬರಹ 'ಯುಡೇಯಾ ಕಾಪ್ಟಾ', ಜೂಡೇಯವನ್ನು ಗೆದ್ದಾಯಿತು. ಹಿಂದಿನ ವರ್ಷವಷ್ಟೇ, ಅಂದರೆ 70ರಲ್ಲಿ, ವೆಸ್ಪೇಸಿಯನ್‌ನ ಮಗ ಟೈಟಸ್ ಜೆರುಸಲೇಮನ್ನು ಹಿಡಿದು ಅಲ್ಲಿನ ದೇವಾಲಯವನ್ನು ನೆಲಸಮ ಮಾಡಿದ್ದ. ಈ ಗೆಲುವಿನ ಸುದ್ದಿಯನ್ನು ಚಿನ್ನ, ಬೆಳ್ಳಿ, ಹಿತ್ತಾಳೆ, ತಾಮ್ರ ಎಲ್ಲದರ ಮೇಲೂ ಹಾಕಿದರು. ಕಾರಣವೂ ಇತ್ತು. ವೆಸ್ಪೇಸಿಯನ್ ದೊಡ್ಡ ಮನೆತನದವನಲ್ಲ. 69ರ ಅಂತರ್ಯುದ್ಧದಲ್ಲಿ ಗೆದ್ದು ಪಟ್ಟಕ್ಕೆ ಬಂದವನು. ರೋಮನ್ನರೇ ರೋಮನ್ನರನ್ನು ಕೊಂದ ಗೆಲುವನ್ನು ನಾಣ್ಯದ ಮೇಲೆ ಹಾಕಲು ಆಗುತ್ತದೆಯೇ? ಹೊರಗಿನ ಶತ್ರು ಬೇಕಿತ್ತು, ಸಿಕ್ಕಿದ. ನಿಜ ಏನೆಂದರೆ ಜೂಡೇಯ ಹೊಸದಾಗಿ ಗೆದ್ದ ನಾಡೇ ಅಲ್ಲ. ದಶಕಗಳಿಂದ ರೋಮಿನ ಪ್ರಾಂತ್ಯ ಅದು, ಅಲ್ಲಿ ನಡೆದದ್ದು ದಂಗೆ.

ಎದುರಿನವರ ಉತ್ತರ ಬರಲು ಅರವತ್ತು ವರ್ಷ ಹಿಡಿಯಿತು. 132ರಲ್ಲಿ ಬಾರ್ ಕೋಖ್ಬಾ ಅನ್ನುವವನ ಮುಂದಾಳತ್ವದಲ್ಲಿ ಯಹೂದಿಗಳು ಮತ್ತೆ ಎದ್ದರು. ಹೊಸ ನಾಣ್ಯಕ್ಕೆ ಲೋಹ ಎಲ್ಲಿಂದ ತರುವುದು? ಕೈಯಲ್ಲಿದ್ದ ರೋಮನ್ ನಾಣ್ಯಗಳನ್ನೇ ತೆಗೆದುಕೊಂಡು, ಅವುಗಳ ಮೇಲೆಯೇ ತಮ್ಮ ಅಚ್ಚು ಬಡಿದರು. ದೇವಾಲಯದ ಮುಂಭಾಗ, ವೀಣೆಯಂಥ ವಾದ್ಯ, ದ್ರಾಕ್ಷಿ ಗೊಂಚಲು, ಹಳೆಯ ಹೀಬ್ರೂ ಲಿಪಿಯಲ್ಲಿ 'ಜೆರುಸಲೇಮಿನ ಬಿಡುಗಡೆಗೆ' ಅನ್ನುವ ಬರಹ. ಕೆಲವು ನಾಣ್ಯಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ದ್ರಾಕ್ಷಿಯ ಪಕ್ಕದಲ್ಲಿ ಲ್ಯಾಟಿನ್ ಅಕ್ಷರದ ತುಣುಕು ಕಾಣುತ್ತದೆ. ಇನ್ನು ಕೆಲವದರಲ್ಲಿ ಚಕ್ರವರ್ತಿಯ ಮೂಗಿನ ಗೆರೆಯೂ ಉಳಿದಿದೆ. 135ರ ಹೊತ್ತಿಗೆ ರೋಮ್ ಈ ದಂಗೆಯನ್ನೂ ಅಡಗಿಸಿತು. ಈ ಎರಡು ನಾಣ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡಿರುವ ಸಂಗ್ರಹಕಾರರ ಬಗ್ಗೆ ನನಗೆ ನಿಜವಾಗಿ ಹೊಟ್ಟೆಕಿಚ್ಚಿದೆ.

ಎಲ್ಲ ನಾಣ್ಯವೂ ಬೊಗಳೆ ಬಿಡುತ್ತದೆ ಅಂತಲ್ಲ. ಚಕ್ರವರ್ತಿ ಹೇಡ್ರಿಯನ್ 118ರಲ್ಲಿ ತೆರಿಗೆ ಬಾಕಿ ಮನ್ನಾ ಮಾಡಿದ. ಅದರ ನೆನಪಿಗೆ ಬಂದ ಸೆಸ್ಟರ್ಷಿಯಸ್ ಮೇಲೆ ಒಬ್ಬ ಅಧಿಕಾರಿ ಪಂಜು ಹಿಡಿದು ಕಾಗದಪತ್ರದ ರಾಶಿಗೆ ಬೆಂಕಿ ಇಡುತ್ತಿದ್ದಾನೆ. ಮೊತ್ತವನ್ನೂ ಬರಹದಲ್ಲೇ ಹೇಳಿದೆ: 90 ಕೋಟಿ ಸೆಸ್ಟರ್ಷಿಯಸ್. ಆಗ ಕಾಲಾಳಿನ ಸಂಬಳ ವರ್ಷಕ್ಕೆ 300 ಡಿನೇರಿಯಸ್‌ಗೆ ಏರಿತ್ತು. ಆ ಲೆಕ್ಕದಲ್ಲಿ ಇದು ಏಳೂವರೆ ಲಕ್ಷ ಸೈನಿಕರ ಒಂದು ವರ್ಷದ ಸಂಬಳ. ಬರೀ ಬಾಯಿಮಾತೇ ಅಂತ ಅನುಮಾನ ಬರುತ್ತದೆ. ಆದರೆ ರೋಮಿನಲ್ಲೇ ಸಿಕ್ಕ ಒಂದು ಕಲ್ಲಿನ ಶಾಸನವೂ ಇದೇ ಮೊತ್ತ ಹೇಳುತ್ತದೆ. ಹೇಡ್ರಿಯನ್ ಪಟ್ಟಕ್ಕೆ ಬಂದ ಹೊಸದರಲ್ಲೇ ನಾಲ್ಕು ಜನ ದೊಡ್ಡ ಸೆನೆಟರುಗಳನ್ನು ಕೊಲ್ಲಿಸಿದ್ದರು, ಹೆಸರು ಕೆಟ್ಟಿತ್ತು. ಮನ್ನಾ ಬಂದದ್ದು ಆ ಹೊತ್ತಿನಲ್ಲಿ. ಸಾಲ ಮನ್ನಾದ ರಾಜಕೀಯ ನಮಗೇನು ಹೊಸದೇ?

ನನ್ನ ಮೆಚ್ಚಿನ ಕಥೆ ಮಾತ್ರ ಫಿಲಿಪ್‌ನದು. ಇವನು ಈಗಿನ ಸಿರಿಯಾದ ಕಡೆಯವನು, ಇತಿಹಾಸದಲ್ಲಿ 'ಅರಬ್ ಫಿಲಿಪ್' ಅಂತಲೇ ಹೆಸರು. 244ರಲ್ಲಿ ಹಿಂದಿನ ಚಕ್ರವರ್ತಿ ಮೂರನೇ ಗಾರ್ಡಿಯನ್ ಪರ್ಷಿಯಾದ ಮೇಲೆ ದಂಡೆತ್ತಿ ಹೋದಾಗಲೇ ಸತ್ತ. ಸೈನ್ಯ ಅಲ್ಲೇ ಫಿಲಿಪ್‌ನನ್ನು ಚಕ್ರವರ್ತಿ ಮಾಡಿತು. ಅವನಿಗೆ ಬೇಗ ರೋಮ್ ಸೇರಬೇಕಿತ್ತು. ಪರ್ಷಿಯಾದ ದೊರೆ ಒಂದನೇ ಶಾಪುರ್ ಜೊತೆ ಒಪ್ಪಂದ ಮಾಡಿಕೊಂಡು ಹೊರಟ. ಆಗ ಹೊಡೆಸಿದ ನಾಣ್ಯದ ಮೇಲೆ ಶಾಂತಿದೇವತೆ ನಿಂತಿದ್ದಾಳೆ. 'ಪಾಕ್ಸ್ ಫುಂಡಾಟಾ ಕುಮ್ ಪರ್ಸಿಸ್', ಪರ್ಷಿಯನ್ನರೊಂದಿಗೆ ಶಾಂತಿ ಸ್ಥಾಪನೆಯಾಯಿತು. ಓದಿದವನಿಗೆ ನಮ್ಮ ಚಕ್ರವರ್ತಿ ಎಷ್ಟು ದೊಡ್ಡ ಕೆಲಸ ಮಾಡಿದ ಅನ್ನಿಸಬೇಕು.

ಇರಾನಿನ ನಕ್ಷ್-ಎ-ರುಸ್ತುಮ್‌ಗೆ ಹೋದರೆ ಕಥೆ ಬೇರೆ. ಅಲ್ಲಿ ಶಾಪುರ್ ಮೂರು ಭಾಷೆಗಳಲ್ಲಿ ಉದ್ದದ ಶಾಸನ ಕೆತ್ತಿಸಿದ್ದಾನೆ. ಫಿಲಿಪ್ ಬೇಡಿಕೊಂಡು ಬಂದ, ಪ್ರಾಣ ಉಳಿಸಿಕೊಳ್ಳಲು 5 ಲಕ್ಷ ದಿನಾರ್ ಕೊಟ್ಟ, ನಮಗೆ ಕಪ್ಪ ಕಟ್ಟುವವನಾದ, ಅಂತ ಅದರಲ್ಲಿದೆ. ಅಲ್ಲೇ ಬಂಡೆಯ ಮೇಲೆ, ಕುದುರೆ ಏರಿದ ಶಾಪುರ್ ಮುಂದೆ ಒಬ್ಬ ರೋಮನ್ ಚಕ್ರವರ್ತಿ ಮಂಡಿಯೂರಿ ಕೈ ಚಾಚಿದ್ದಾನೆ. ಅವನು ಫಿಲಿಪ್ ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಶಾಪುರ್ ಕೂಡ ಜಂಭದವನೇ, ಅವನ ಮಾತನ್ನೂ ಪೂರ್ತಿ ನಂಬಬೇಕಿಲ್ಲ. ಆದರೆ ದುಡ್ಡು ಕೈ ಬದಲಾಯಿಸಿತು ಅನ್ನುವುದನ್ನು ನಾಣ್ಯ ಹೇಳುವುದಿಲ್ಲ, ಬಂಡೆ ಹೇಳುತ್ತದೆ.

ನಾಲ್ಕು ವರ್ಷದ ಮೇಲೆ, 248ರಲ್ಲಿ, ಫಿಲಿಪ್‌ಗೆ ಒಂದು ಭಾರೀ ಅವಕಾಶ ಸಿಕ್ಕಿತು. ರೋಮ್ ಊರು ಹುಟ್ಟಿ ಸಾವಿರ ವರ್ಷ! ದೊಡ್ಡ ಆಟೋಟ, ಕಾಡುಪ್ರಾಣಿಗಳ ಪ್ರದರ್ಶನ ಏರ್ಪಾಡಾಯಿತು. ಆ ಪ್ರಾಣಿಗಳೇ ನಾಣ್ಯದ ಮೇಲೂ ಬಂದವು. ಸಿಂಹ, ಸಾರಂಗ, ಜಿಂಕೆ, ರೋಮಿನ ಹುಟ್ಟಿನ ಕಥೆಯ ಅವಳಿ ಮಕ್ಕಳಿಗೆ ಹಾಲೂಡುವ ತೋಳ. ಅವನ ಹೆಂಡತಿ ಒಟಾಸಿಲಿಯಾಳ ನಾಣ್ಯದ ಮೇಲೆ ಒಂದು ದುಂಡನೆಯ ನೀರಾನೆ. ಸುತ್ತ 'ಸೇಕುಲಾರೆಸ್ ಆಗ್' ಅನ್ನುವ ಬರಹ, ಅಂದರೆ ಚಕ್ರವರ್ತಿಗಳು ನಡೆಸಿದ ಯುಗದ ಆಟೋಟ. ಪ್ರಾಣಿಯ ಕಾಲ ಕೆಳಗೆ ಒಂದು ರೋಮನ್ ಅಂಕಿ ಇರುತ್ತದೆ. ಸಿಂಹಕ್ಕೆ 1, ತೋಳಕ್ಕೆ 2, ನೀರಾನೆಗೆ 4. ಟಂಕಸಾಲೆಯ ಆರು ವಿಭಾಗಗಳಲ್ಲಿ ಯಾವುದು ಹೊಡೆದದ್ದು ಅನ್ನುವುದರ ಗುರುತು ಅದು. ಆರನ್ನೂ ಜೋಡಿಸಬೇಕು ಅಂತ ಹಟ ಹಿಡಿದವರು ಬಹಳ ಮಂದಿ. ನೀರಾನೆಗೆ ಬೇಡಿಕೆ ಜಾಸ್ತಿ.

ಇನ್ನೊಂದು ವಿಷಯ ಚಿತ್ರದಲ್ಲಿ ಕಾಣುವುದಿಲ್ಲ, ಲೋಹದಲ್ಲಿದೆ. ಇವು ಆಂಟೋನಿನಿಯಾನಸ್ ಅನ್ನುವ ಬಗೆಯ ನಾಣ್ಯಗಳು, ಎರಡು ಡಿನೇರಿಯಸ್‌ಗೆ ಸಮ ಅಂತ 215ರಲ್ಲಿ ಶುರುವಾದವು. ಬೆಳ್ಳಿ ಮಾತ್ರ ಎರಡು ಡಿನೇರಿಯಸ್‌ನಷ್ಟು ಇರಲಿಲ್ಲ. ಫಿಲಿಪ್ ಕಾಲಕ್ಕೆ ಅರ್ಧಕ್ಕಿಂತ ಕಡಿಮೆ ಬೆಳ್ಳಿ, ಉಳಿದದ್ದು ತಾಮ್ರ. ಅಲ್ಲಿಂದ ಇಪ್ಪತ್ತೇ ವರ್ಷದಲ್ಲಿ ನೂರಕ್ಕೆ ಐದು ಭಾಗವೂ ಬೆಳ್ಳಿ ಉಳಿಯಲಿಲ್ಲ. ಸಾವಿರ ವರ್ಷದ ಹಬ್ಬವನ್ನು ಸಾರುವ ನಾಣ್ಯವೇ ಖಜಾನೆ ಬರಿದಾಗುತ್ತಿದೆ ಅಂತಲೂ ಹೇಳುತ್ತಿದೆ. ಹಬ್ಬ ಮುಗಿದ ಮರುವರ್ಷ, 249ರಲ್ಲಿ, ತನ್ನದೇ ಸೇನಾಪತಿ ಡೀಸಿಯಸ್ ವಿರುದ್ಧದ ಕಾಳಗದಲ್ಲಿ ಫಿಲಿಪ್‌ನ ಕಥೆ ಮುಗಿಯಿತು.

ರೋಮನ್ ನಾಣ್ಯ ನೋಡಲು ನಮ್ಮವರು ಯುರೋಪಿಗೇ ಹೋಗಬೇಕಿಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ಡಿನೇರಿಯಸ್‌ಗಳ ನಿಧಿ ಸಿಕ್ಕಿತ್ತು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲೂ ಬಂದಿವೆ. ದಕ್ಷಿಣ ಭಾರತದಲ್ಲಿ ಸಿಕ್ಕ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆಯವೇ ಜಾಸ್ತಿ. ಒಂದು ಟೈಬೀರಿಯಸ್‌ನದು. ಇನ್ನೊಂದು ಆಗಸ್ಟಸ್‌ನದು, ಅದರ ಹಿಂಬದಿಯಲ್ಲಿ ಇಬ್ಬರು ಹುಡುಗರು ಗುರಾಣಿ, ಈಟಿಗಳ ಜೊತೆ ನಿಂತಿದ್ದಾರೆ. ಅವರು ಅವನ ಮಗಳ ಮಕ್ಕಳು ಗೇಯಸ್ ಮತ್ತು ಲೂಸಿಯಸ್. ಆಗಸ್ಟಸ್ ಇಬ್ಬರನ್ನೂ ದತ್ತು ತೆಗೆದುಕೊಂಡಿದ್ದ. ಮುಂದೆ ಇವರೇ ನಿಮ್ಮ ದೊರೆಗಳು ಅಂತ ನಾಣ್ಯ ಸಾರಿತು. ಲೂಸಿಯಸ್ ಕ್ರಿ.ಶ. 2ರಲ್ಲಿ ಸತ್ತ, ಗೇಯಸ್ 4ರಲ್ಲಿ. ಪಟ್ಟ ಕೊನೆಗೆ ಬಂದದ್ದು ಮಲಮಗ ಟೈಬೀರಿಯಸ್‌ಗೆ. ಹುಡುಗರು ಹೋದರೂ ಅವರ ನಾಣ್ಯ ಮೆಣಸು, ಮುತ್ತು, ಬಟ್ಟೆಯ ಬೆಲೆಯಾಗಿ ಹಡಗೇರಿ ಇಲ್ಲಿಗೆ ಬಂತು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಷಿಯಸ್ ನುಂಗುತ್ತದೆ ಅಂತ ರೋಮನ್ ಲೇಖಕ ಪ್ಲಿನಿ ಗೊಣಗಿದ್ದು ಈ ವ್ಯಾಪಾರದ ಬಗ್ಗೆಯೇ.

ಇಲ್ಲಿನ ವ್ಯಾಪಾರಿಗೆ ಆ ಹುಡುಗರು ಯಾರಾದರೇನು? ಅವನು ನೋಡಿದ್ದು ಬೆಳ್ಳಿಯ ಗುಣ. ಸುಮಾರು 64ರಲ್ಲಿ ಚಕ್ರವರ್ತಿ ನೀರೋ ಡಿನೇರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಆಮೇಲಿನ ಬೆಳ್ಳಿ ನಾಣ್ಯಗಳು ಭಾರತದ ನಿಧಿಗಳಲ್ಲಿ ಅಪರೂಪ, ಚಿನ್ನವೇ ಜಾಸ್ತಿ. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1898ರಲ್ಲಿ ಸಿಕ್ಕ 501 ಔರಿಯಸ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಒಂದು ಗೀರು ಹಾಕಿದ್ದಾರೆ. ಇದು ನಾಣ್ಯವಲ್ಲ, ಬರೀ ಚಿನ್ನ ಅಂತ ತೋರಿಸಲು ಇರಬಹುದು ಅನ್ನುತ್ತಾರೆ ಕೆಲವರು. ಬೇರೆ ವಾದಗಳೂ ಇವೆ.

ಕೊಳ್ಳುವವರಿಗೆ ಒಂದಿಷ್ಟು ಮಾತು. ನಕಲಿ ಈ ಲೋಕಕ್ಕೆ ಹೊಸದಲ್ಲ. 16ನೇ ಶತಮಾನದಲ್ಲೇ ಇಟಲಿಯ ಪಾದುವಾದ ಜೊವಾನಿ ಕವೀನೊ ರೋಮನ್ ಸೆಸ್ಟರ್ಷಿಯಸ್‌ಗಳನ್ನು ಹೋಲುವ ಪದಕಗಳನ್ನು ಎಷ್ಟು ಚೆನ್ನಾಗಿ ಮಾಡಿದ ಅಂದರೆ ಈಗ ಅವನ್ನೇ ಕೂಡಿಡುವವರಿದ್ದಾರೆ. ಇವತ್ತಿನ ಅಗ್ಗದ ನಕಲಿಗಳು ಹೆಚ್ಚಾಗಿ ಎರಕ ಹೊಯ್ದವು. ಅಂಚಿನಲ್ಲಿ ಬೆಸುಗೆಯ ಗೆರೆ, ಮೇಲ್ಮೈಯಲ್ಲಿ ಸಣ್ಣ ಗುಳ್ಳೆಯ ಗುಳಿಗಳು, ಸಾಬೂನಿನಂತೆ ನುಣುಪಾದ ಅಕ್ಷರ ಕಂಡರೆ ಅನುಮಾನ ಪಡಿ. ತೂಕ ನೋಡಿ. ಒಂದೇ ಮಾರಾಟಗಾರನ ಬಳಿ ಒಂದೇ ಕಡೆ ಸೀಳಿದ ಎರಡು ನಾಣ್ಯ ಕಂಡರೆ ಅಲ್ಲಿಂದ ಎದ್ದು ಬನ್ನಿ. ತಾಮ್ರದ ನಾಣ್ಯದ ಮೇಲಿನ ಹಸಿರು ಪೊರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ. ಆ ಪೊರೆಯೇ ಅದಕ್ಕೆ ರಕ್ಷಣೆ, ಬೆಲೆಯೂ ಅದರಲ್ಲೇ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಅದು ರೋಗ, ಆ ನಾಣ್ಯವನ್ನು ಬೇರೆ ಇಡಿ.

ನಾಣ್ಯ ಅಸಲಿಯಾದರೂ ಅದರ ಹಿಂದಿನ ಕಾಗದ ನಕಲಿ ಇರಬಹುದು. ಬ್ರೂಟಸ್‌ನ ಕಠಾರಿ ನಾಣ್ಯ ಚಿನ್ನದಲ್ಲೂ ಇದೆ, ಬಹಳ ಅಪರೂಪ. ಅಂಥದ್ದೊಂದು 2020ರಲ್ಲಿ ಲಂಡನ್ ಹರಾಜಿನಲ್ಲಿ 30 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಅದು ಯಾರ ಕೈಯಿಂದ ಬಂತು ಅನ್ನುವ ದಾಖಲೆ ಸುಳ್ಳು ಅಂತ ಆಮೇಲೆ ತನಿಖೆಯಲ್ಲಿ ಬಯಲಾಯಿತು. 2023ರಲ್ಲಿ ಅಮೆರಿಕದ ಅಧಿಕಾರಿಗಳು ಅದನ್ನು ಗ್ರೀಸಿಗೆ ಮರಳಿಸಿದರು. ನಮ್ಮಲ್ಲೂ ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಮಾರುವವರಿಗೆ ಲೈಸೆನ್ಸ್ ಬೇಕು. ಈ ಕೊನೆಯ ಎರಡು 1972ರ ಕಾನೂನಿನವು.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ ನಾನು ಹೇಳುವುದು ಚಕ್ರವರ್ತಿ ಕಾನ್‌ಸ್ಟಂಟೈನ್‌ನ 'ಉರ್ಬ್ಸ್ ರೋಮಾ', ಅಂದರೆ ರೋಮ್ ಊರು. 330ರಲ್ಲಿ ಕಾನ್‌ಸ್ಟಾಂಟಿನೋಪಲ್ ಹೊಸ ರಾಜಧಾನಿಯಾಗಿ ಉದ್ಘಾಟನೆಯಾಯಿತು. ಆ ಹೊತ್ತಿಗೆ ಎರಡು ಪುಟ್ಟ ತಾಮ್ರದ ನಾಣ್ಯ ಬಂದವು. ಒಂದರ ಮೇಲೆ ಹೊಸ ಊರಿನ ದೇವತೆ, ಹಿಂಬದಿಯಲ್ಲಿ ಹಡಗಿನ ಮೂತಿಯ ಮೇಲೆ ನಿಂತ ವಿಜಯದೇವತೆ. ಇನ್ನೊಂದು ಹಳೆಯ ರೋಮಿಗೆ ಸಮಾಧಾನ ಹೇಳಲು, ಅದರ ಮೇಲೆ ಹಾಲೂಡುವ ತೋಳ, ಮೇಲೆ ಎರಡು ನಕ್ಷತ್ರ. ಎರಡೂವರೆ ಗ್ರಾಂ ಆಸುಪಾಸಿನ ಈ ನಾಣ್ಯಗಳನ್ನು ರಾಶಿ ರಾಶಿ ಹೊಡೆದಿದ್ದಾರೆ. ಚೆನ್ನಾಗಿರುವುದೂ ಹೊರದೇಶದ ಹರಾಜುಗಳಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ತೋಳದ ಕಾಲ ಕೆಳಗಿನ ಅಕ್ಷರ ಓದಿ. 'ಟಿಆರ್' ಇದ್ದರೆ ಈಗಿನ ಜರ್ಮನಿಯ ಟ್ರಿಯರ್, 'ಪಿಎಲ್‌ಜಿ' ಇದ್ದರೆ ಫ್ರಾನ್ಸಿನ ಲಿಯೋನ್, 'ಎಸ್‌ಎಂಎಎನ್' ಇದ್ದರೆ ಈಗಿನ ಟರ್ಕಿಯ ಆಂಟಿಯೋಕ್. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ 'ಓಕ್ರೆ' ಅನ್ನುವ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಈ ಅಕ್ಷರಗಳನ್ನು ಅದರಲ್ಲಿ ಹಾಕಿದರೆ ಯಾವ ಟಂಕಸಾಲೆ, ಯಾವ ವರ್ಷ, ಅಂಥದ್ದೇ ನಾಣ್ಯ ಯಾವ ಮ್ಯೂಸಿಯಮ್ಮಿನಲ್ಲಿದೆ ಅಂತ ಗೊತ್ತಾಗುತ್ತದೆ. ಒಂದೇ ತೋಳವನ್ನು ಹತ್ತಾರು ಊರುಗಳಿಂದ ತಂದು ಸಾಲಾಗಿ ಜೋಡಿಸುವವರಿದ್ದಾರೆ. ಒಂದೂರಿನ ತೋಳ ಬಡಕಲು, ಇನ್ನೊಂದೂರಿನದು ಕುರಿಯಂತೆ ಗುಂಡಗೆ. ಕೆತ್ತಿದವರಲ್ಲಿ ಎಷ್ಟು ಜನ ನಿಜವಾಗಿ ತೋಳ ನೋಡಿದ್ದರೋ ಏನೋ.